ಗಂಡಸರ ತಲೆಯೂ ಡಿಎಚ್‌ಟಿ ಎಂಬ ಹಾರ್ಮೋನೂ

ಮುಳಬಾಗಿಲಿನಲ್ಲಿ ಔಷಧಿ ಅಂಗಡಿ ಇಟ್ಟು ಹದಿನೆಂಟು ವರ್ಷವಾಯಿತು. ಜ್ವರ, ಭೇದಿಗೆ ಬರುವ ಗಂಡಸರು ರಸ್ತೆಯಿಂದಲೇ ಕೂಗಿ ಮಾತ್ರೆ ಕೇಳುತ್ತಾರೆ. ಕೂದಲು ಉದುರುತ್ತಿರುವವರು ಮಾತ್ರ ಅಂಗಡಿ ಖಾಲಿಯಾಗುವವರೆಗೂ ಸೋಪು, ಪೌಡರು ನೋಡುತ್ತಾ ನಿಲ್ಲುತ್ತಾರೆ. ವಾರಕ್ಕೊಬ್ಬರಾದರೂ ಇಂಥವರು ಬಾರದಿದ್ದರೆ ನನಗೇ ಬೇಜಾರು.

ಹೆಚ್ಚಾದ ಗಂಡಸ್ತನ

ವೇಮಗಲ್ ಫ್ಯಾಕ್ಟರಿಯ ಸೂಪರ್‌ವೈಸರ್ ಒಬ್ಬರು ಹೆಂಡತಿಯ ಜೊತೆ ಬಂದಿದ್ದರು. ತಲೆ ಪೂರ್ತಿ ಬೋಳು. ಅದಕ್ಕೆ ನಾಚಿಕೆಯಿಲ್ಲ, ಹೆಮ್ಮೆ! ಅಂಗಡಿಯಲ್ಲಿದ್ದವರಿಗೆಲ್ಲ ಪಾಠ ಶುರು ಮಾಡಿದರು.

"ಡೈಹೈಡ್ರೋಟೆಸ್ಟೋಸ್ಟೀರಾನ್, ಡಿಎಚ್‌ಟಿ ಅಂತ ಕಣ್ರೀ. ಗಂಡಸ್ತನದ ಹಾರ್ಮೋನು. ಅದು ಉಕ್ಕಿ ಹರಿಯೋರಿಗೇ ತಲೆ ಬೋಳಾಗೋದು."

"ಹಾಗಲ್ಲ ಸಾರ್," ಅಂದೆ. "ಅದು ಎಲ್ಲ ಗಂಡಸರಲ್ಲೂ ಇರುತ್ತೆ. ಕೆಲವರ ಕೂದಲಿನ ಬೇರು ಅದನ್ನ ತಡ್ಕೊಳಲ್ಲ. ವಂಶದಿಂದ ಬಂದಿದ್ದು."

ಅವರು ಒಪ್ಪಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಕೇಳಿದರು: "ಮೊನ್ನೆ ಹಲ್ಲಿ ಬಿತ್ತು ಅಂತ ಮಂಚ ಹತ್ತಿ ಕಿರುಚ್ಕೊಂಡ್ರಲ್ಲ, ಆವಾಗ ಎಲ್ಲಿಗೆ ಹರ್ದೋಗಿತ್ತು ಅದು?"

ಎರಡೂ ಬೇಕು

ದೇವರಾಯಸಮುದ್ರದ ಜಿಮ್ ಪೈಲ್ವಾನನೊಬ್ಬ ಮೊಬೈಲಿನಲ್ಲಿ ಎರಡು ಔಷಧಿ ತೋರಿಸಿದ. ಒಂದು ತೋಳು ದಪ್ಪವಾಗಲು ಹಾರ್ಮೋನು ಏರಿಸುವ ಇಂಜೆಕ್ಷನ್ನು. ಇನ್ನೊಂದು, ಕೂದಲು ಉಳಿಯಲು ಡಿಎಚ್‌ಟಿ ಇಳಿಸುವ ಮಾತ್ರೆ.

"ಯಾವುದು ಬೇಕಪ್ಪಾ?"

"ರೆಂಡೂ ಕಾವಾಲಿ ಅಣ್ಣಾ," ಅಂದ ತೆಲುಗಿನಲ್ಲಿ. ಎರಡೂ ಬೇಕಂತೆ.

"ಲೇ, ನೀನು ಏರಿಸಿದ ಹಾರ್ಮೋನೇ ಮೈಯೊಳಗೆ ಡಿಎಚ್‌ಟಿ ಆಗೋದು. ಒಂದು ಕಾಲು ಆಕ್ಸಿಲರೇಟರ್ ಮೇಲೆ, ಇನ್ನೊಂದು ಬ್ರೇಕ್ ಮೇಲೆ ಇಟ್ಟಂಗೆ. ಮೊದಲು ಡಾಕ್ಟರ ಚೀಟಿ ತಗೊಂಬಾ."

ಅವನು ಗಂಭೀರವಾಗಿ ಯೋಚಿಸಿ ಕೇಳಿದ: "ಗೇರಿಗೆ ಯಾವ ಮಾತ್ರೆ ಅಣ್ಣಾ?"

ಪುರೋಹಿತರ ಮಾತ್ರೆ

ನಮ್ಮ ಬೀದಿಯ ಪುರೋಹಿತರಿಗೆ ಎಪ್ಪತ್ತು ದಾಟಿದೆ. ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರದ ತೊಂದರೆ. ಅದನ್ನು ಊದಿಸುವುದೂ ಇದೇ ಡಿಎಚ್‌ಟಿ. ಡಾಕ್ಟರು ಅದನ್ನು ತಗ್ಗಿಸುವ ಮಾತ್ರೆ ಬರೆದುಕೊಟ್ಟಿದ್ದರು. ತಿಂಗಳು ತಿಂಗಳು ತಪ್ಪದೆ ಒಯ್ಯುತ್ತಿದ್ದವರು ಮಗ. ನಲವತ್ತರ ಅಕೌಂಟೆಂಟು. ನನಗೋ, ಎಂಥ ಪಿತೃಭಕ್ತಿ ಎಂದು ಗೌರವ.

ಆರು ತಿಂಗಳಾದರೂ ಪುರೋಹಿತರಿಗೆ ಗುಣವಿಲ್ಲ. ಸತ್ಯನಾರಾಯಣ ಪೂಜೆಯ ನಡುವೆ ನಾಲ್ಕು ಸಲ ಎದ್ದು ಹೋಗಬೇಕಾಯಿತಂತೆ. ಕೊನೆಗೊಂದು ದಿನ ಮೂತ್ರ ಪೂರ್ತಿ ಕಟ್ಟಿಕೊಂಡು, ಒದ್ದಾಡಿಹೋಗಿ, ಕೋಲಾರದಲ್ಲಿ ಆಸ್ಪತ್ರೆ ಸೇರಿದರು. ಅಲ್ಲಿಂದ ಬಂದವರೇ ಮಗನನ್ನು ಕರೆದುಕೊಂಡು ನನ್ನ ಅಂಗಡಿಗೆ ನುಗ್ಗಿ, ಮಾತ್ರೆ ಡಬ್ಬಿಯನ್ನು ಗಾಜಿನ ಮೇಲೆ ಸುರಿದರು.

"ಡೂಪ್ಲಿಕೇಟ್ ಮಾತ್ರೆ ಕೊಟ್ಟು ನನ್ನ ಕೊಲ್ಲೋಕೆ ಹೊರಟಿದ್ದೀಯೇನಯ್ಯಾ?"

ನೋಡಿದೆ. ಎಲ್ಲ ವಿಟಮಿನ್ ಮಾತ್ರೆ. "ಇವು ನಾನು ಕೊಟ್ಟವಲ್ಲ ಸ್ವಾಮಿ. ಡಬ್ಬಿ ತುಂಬೋರು ಯಾರು?"

"ಇನ್ಯಾರು, ಇವನೇ."

ಇಬ್ಬರೂ ಮಗನ ಕಡೆ ತಿರುಗಿದೆವು. ಬೋಳಾಗಿದ್ದ ನೆತ್ತಿಯ ಮೇಲೆ ಹೊಸ ಕೂದಲು, ನೀಟಾಗಿ ಬಾಚಿಕೊಂಡಿದ್ದರು. ಅದೇ ಮಾತ್ರೆ ಕಡಿಮೆ ಪ್ರಮಾಣದಲ್ಲಿ ಕೂದಲಿಗೂ ಕೊಡುತ್ತಾರೆ.

"ನಾಲ್ಕು ತುಂಡು ಮಾಡಿ ತಗೋತಿದ್ದೆ," ಅಂದರು ಮಗ, ನೆಲ ನೋಡುತ್ತಾ. "ಕೂದಲಿಗೆ ಅಂತ ಕೇಳೋಕೆ ನಾಚಿಕೆ ಆಯ್ತು."

ಪುರೋಹಿತರು ಮಗನ ತಲೆಯನ್ನು ಒಂದು ನಿಮಿಷ ದಿಟ್ಟಿಸಿದರು. ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು.

"ಪುರೋಹಿತನ ಮಗನಾಗಿ ಇಷ್ಟೂ ಹೊಳೀಲಿಲ್ವೇನೋ ದಡ್ಡಾ? ನಾನು ಸತ್ತರೆ ಮೊದಲು ಬೋಳಿಸೋದು ನಿನ್ನ ತಲೆನೇ ಕಣೋ!"