ಎನ್.ಆರ್.ಪುರಕ್ಕೆ ಹಕ್ಕಿ ನೋಡಲು ಹೋದದ್ದು

ಚಿಕ್ಕ ಮಕ್ಕಳನ್ನು ಶಾಲೆಯ ಗೇಟು ದಾಟಿಸಿದ ಮೇಲೆ ಏನಾದರೊಂದು ಆಗಿಯೇ ಆಗುತ್ತದೆ. ಏನೂ ಆಗದೆ ವಾಪಸು ಬಂದ ಪ್ರವಾಸ ನನ್ನ ಸರ್ವೀಸಿನಲ್ಲಿ ಒಂದೂ ಇಲ್ಲ. ಪಕ್ಕದ ಬೀದಿಯ ಅಂಚೆ ಕಚೇರಿ ತೋರಿಸಲು ಹೋದಾಗಲೂ ಆಗಿದೆ. ಆದರೆ ಬೆಳಗ್ಗೆಯಿಂದ ಸಂಜೆವರೆಗೆ ಒಂದರ ಹಿಂದೆ ಒಂದು ಬಿಡದೆ ಆದದ್ದು ಮಾತ್ರ ನಾವು ಹಕ್ಕಿ ನೋಡಲು ಹೋದ ದಿನ.

ಆಗ ನಾನು ಕೊಪ್ಪದ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಎರಡು, ಮೂರನೇ ಕ್ಲಾಸಿನ ಟೀಚರು. ನಮ್ಮೂರಿಗೆ ಮೊಬೈಲು ಬಂದಿತ್ತು, ಸಿಗ್ನಲ್ಲು ಬಂದಿರಲಿಲ್ಲ, ಅಂಥ ಕಾಲ. ಪಕ್ಷಿಗಳು ಮತ್ತು ಅವುಗಳ ವಾಸಸ್ಥಾನ ಅಂತ ಒಂದು ಪಾಠ ಇತ್ತು. ಪುಸ್ತಕದಲ್ಲಿ ಚಿತ್ರ ಎಷ್ಟು ಮಸುಕಾಗಿ ಅಚ್ಚಾಗಿತ್ತೆಂದರೆ ಗಿಳಿ ಯಾವುದು, ಹದ್ದು ಯಾವುದು ಎಂದು ನಾನೇ ಅಂದಾಜಿನ ಮೇಲೆ ಹೇಳುತ್ತಿದ್ದೆ. ಹೆಡ್‌ಮಾಸ್ಟರು ಒಂದು ದಿನ, “ಪುಸ್ತಕ ಮಡಚಿ ಟೀಚರ್. ಎನ್.ಆರ್.ಪುರದ ಹಿನ್ನೀರಿಗೆ ಕರ್ಕೊಂಡು ಹೋಗಿ ನಿಜವಾದ ಹಕ್ಕಿನೇ ತೋರಿಸಿಬಿಡುವ” ಎಂದರು. ಹಕ್ಕಿಗಳ ಗುರುತು ಹೇಳಲು ಶೃಂಗೇರಿಯಿಂದ ತಮ್ಮ ಪರಿಚಯದ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರನ್ನು ಕರೆಸಿದರು. ಅವರಿಗೆ ಹಕ್ಕಿ ಹುಚ್ಚು. ಮಕ್ಕಳು ನೋಡಿದ ಕೂಡಲೇ ಅವರಿಗೆ ‘ಹಕ್ಕಿ ಸಾರ್’ ಎಂದು ನಾಮಕರಣ ಮಾಡಿ ಮುಗಿಸಿದರು.

ಬಾಯಿಲ್ಲದ ಬಸ್ಸು

ಹಕ್ಕಿ ಸಾರ್ ಹಿಂದಿನ ದಿನವೇ ಬಂದು ಮಕ್ಕಳಿಗೆ ಒಂದೇ ಒಂದು ನಿಯಮ ಹೇಳಿದ್ದರು: “ಮಾತಾಡಿದರೆ ಹಕ್ಕಿ ಹಾರಿಹೋಗ್ತದೆ. ಮಾತಾಡಿದವರನ್ನು ಅರ್ಧದಾರಿಯಿಂದಲೇ ವಾಪಸು ಕಳಿಸ್ತೇವೆ.” ಹಿನ್ನೀರಿನ ಹತ್ತಿರ ಮಾತಾಡಬಾರದು ಎಂದು ಅವರ ಅರ್ಥ. ಬಸ್ಸು ಹತ್ತಿದಲ್ಲಿಂದಲೇ ಎಂದು ಮಕ್ಕಳ ಅರ್ಥ.

ದೊಡ್ಡವರು ನಾವು ಮೂವರೂ ಮುಂದೆ ಡ್ರೈವರ್ ಹತ್ತಿರ ನಿಂತಿದ್ದೆವು. ಮಕ್ಕಳು ಹಿಂದೆ. ಕಂಡಕ್ಟರ್, “ಎಲ್ಲಿಗೆ ಮಕ್ಕಳೇ ಸವಾರಿ?” ಎಂದು ಕೇಳಿದ್ದಾನೆ. ಒಬ್ಬರೂ ಬಾಯಿ ಬಿಡಲಿಲ್ಲ. ಅಷ್ಟೂ ಮಕ್ಕಳು ಎರಡೂ ಕೈ ಅಗಲಿಸಿ ರೆಕ್ಕೆ ಬಡಿದು ತೋರಿಸಿದವು. ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಬಡಿದವು. ಕಿಟಕಿ ಪಕ್ಕ ಕೂತಿದ್ದ ಅಮ್ಮ ಒಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡು, “ಅಯ್ಯೋ ಶಿವನೇ, ಇಷ್ಟು ಮಕ್ಕಳಲ್ಲಿ ಒಂದಕ್ಕಾದರೂ ಮಾತು ಕೊಡಬಾರದಿತ್ತಾ?” ಎಂದು ತಾವು ಎದ್ದು ಸೀಟು ಬಿಟ್ಟರು. ಅವರನ್ನು ನೋಡಿ ಉಳಿದವರೂ ಎದ್ದರು. ಬಾಳೆಗೊನೆ ಇಟ್ಟುಕೊಂಡು ಪೇಟೆಗೆ ಹೊರಟಿದ್ದ ಒಬ್ಬರು ಹಣ್ಣು ಕಿತ್ತು ಹಂಚಿದರು. ನಮ್ಮ ಮಕ್ಕಳು ಕೈಮುಗಿದು ತೆಗೆದುಕೊಂಡವು. ನನಗೆ ಮುಂದಿನಿಂದ ಕಂಡದ್ದು ಇಷ್ಟೇ: ದೊಡ್ಡವರೆಲ್ಲ ನಿಂತಿದ್ದಾರೆ, ಮಕ್ಕಳೆಲ್ಲ ಕೂತು ಬಾಳೆಹಣ್ಣು ತಿನ್ನುತ್ತಿದ್ದಾರೆ. ಈ ಕಡೆಯ ಜನ ಎಷ್ಟು ಒಳ್ಳೆಯವರು ಎಂದು ಹೆಡ್‌ಮಾಸ್ಟರಿಗೆ ಹೇಳಿದೆ ಕೂಡ.

ಅಷ್ಟರಲ್ಲಿ ಒಂದು ಹುಂಜ ರಸ್ತೆಗೆ ಅಡ್ಡ ಓಡಿತು. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಇಡೀ ಕ್ಲಾಸು ಒಂದೇ ಸ್ವರದಲ್ಲಿ, “ಹಕ್ಕೀ!” ಎಂದು ಕಿರುಚಿತು.

ಆ ಅಮ್ಮ ಎರಡೂ ಕೈ ಮೇಲೆತ್ತಿ, “ದೇವರೇ, ಮಾತು ಬಂತು!” ಎಂದರು.

ಕಂಡಕ್ಟರ್ ಒಂದು ಕ್ಷಣ ಮಕ್ಕಳನ್ನೇ ನೋಡಿ ಹೇಳಿದ, “ಬಂತಲ್ಲ ಮಾತು? ಹಾಗಾದ್ರೆ ಏಳಿ, ಸೀಟು ಬಿಡಿ.”

ದುರ್ಬೀನು

ಹಿನ್ನೀರಿನ ದಡದಲ್ಲಿ ಹಕ್ಕಿ ಸಾರ್ ತಮ್ಮ ದುರ್ಬೀನನ್ನು ಒಬ್ಬೊಬ್ಬರ ಕಣ್ಣಿಗೆ ಹಿಡಿದು ನೀರುಕಾಗೆ ತೋರಿಸುತ್ತಿದ್ದರು. ಎರಡನೇ ಕ್ಲಾಸಿನ ಒಬ್ಬಳು ಹುಡುಗಿ ನೋಡಿದವಳೇ ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನ ಹಿಂದೆ ಬಂದು ಅಡಗಿದಳು. ಮುಂದಿನ ಎರಡು ಹಲ್ಲು ಆಗಷ್ಟೇ ಬಿದ್ದಿದ್ದವು ಅವಳಿಗೆ.

“ಎಂತ ಆಯ್ತೇ?” ಎಂದೆ.

“ನಂಗೆ ಅದು ಅಷ್ಟು ಹತ್ತಿರ ಕಾಣ್ತದೆ ಅಂದ್ರೆ, ಅದಕ್ಕೂ ನಾನು ಅಷ್ಟೇ ಹತ್ತಿರ ಕಾಣ್ತೀನಲ್ಲ ಟೀಚರ್.”

ಹಕ್ಕಿ ಸಾರ್ ನಕ್ಕು ಸಮಾಧಾನ ಮಾಡಿದರು. “ಇಲ್ಲ ಪುಟ್ಟಾ, ದುರ್ಬೀನು ಇರೋದು ನಮ್ಮ ಹತ್ತಿರ. ಅದಕ್ಕೆ ನೀನು ಸಾಸಿವೆಕಾಳಿನಷ್ಟು ಕಾಣ್ತೀಯ, ಅಷ್ಟೇ.”

ಹುಡುಗಿ ಬಾಯಿಂದ ಕೈ ತೆಗೆದಳು. ಒಂದು ನಿಮಿಷ ಯೋಚಿಸಿದಳು. ಆಮೇಲೆ ಜೋರಾಗಿ ಅಳಲು ಶುರುಮಾಡಿದಳು. ಹಲ್ಲಿನ ಚಿಂತೆಯಾದರೂ ಪರವಾಗಿರಲಿಲ್ಲ. ಈಗ ಅವಳಿಗೆ ತಾನು ಸಾಸಿವೆಕಾಳಾಗಿದ್ದರೆ ಹಕ್ಕಿ ಬಂದು ಹೆಕ್ಕಿ ತಿನ್ನುತ್ತದೆ ಎಂಬ ಭಯ. ಊಟದ ಹೊತ್ತಿನವರೆಗೂ ನನ್ನ ಸೀರೆ ಬಿಡಲಿಲ್ಲ.

ಇಲ್ಲಿ ಹಕ್ಕಿ ಇಲ್ಲ

ದಡದ ಪಕ್ಕದಲ್ಲೇ ಒಂದು ಗದ್ದೆ. ಗದ್ದೆಯಲ್ಲಿ ಎಮ್ಮೆಗಳು. ಎಮ್ಮೆಗಳ ಬೆನ್ನ ಮೇಲೆ ಬೆಳ್ಳಕ್ಕಿಗಳು. ಹಕ್ಕಿ ಸಾರ್ ಖಾಕಿ ಪ್ಯಾಂಟು, ಖಾಕಿ ಟೋಪಿ ಹಾಕಿಕೊಂಡು ಗದ್ದೆಯ ಬದುವಿನ ಮೇಲೆ ನಿಂತು ಸಾರಿದರು: “ನೋಡಿ ಮಕ್ಕಳೇ, ಈ ಗದ್ದೆ, ಈ ಮರ, ಈ ಎಮ್ಮೆ ಎಲ್ಲವೂ ಹಕ್ಕಿಯ ವಾಸಸ್ಥಾನ. ಇದನ್ನೆಲ್ಲ ನಾವು ಸಂರಕ್ಷಿಸಬೇಕು.”

ಆ ವರ್ಷಗಳಲ್ಲಿ ನಮ್ಮ ಕಡೆ ಕಾಡಂಚಿನ ಜನಕ್ಕೆ ‘ಸಂರಕ್ಷಣೆ’ ಎಂಬ ಮಾತು ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ಅರಣ್ಯ ಇಲಾಖೆಯವರು ಇವತ್ತು ಸಂರಕ್ಷಿಸುತ್ತೇವೆ ಎನ್ನುತ್ತಾರೆ, ನಾಳೆ ಮನೆ ಖಾಲಿ ಮಾಡಿ ಎನ್ನುತ್ತಾರೆ ಎಂಬ ಹೆದರಿಕೆ. ಗದ್ದೆಯ ಯಜಮಾನರು ಆಚೆ ತುದಿಯಲ್ಲಿ ಕಾಲುವೆ ಬಿಡಿಸುತ್ತಿದ್ದವರು ಹಾರೆ ಅಲ್ಲೇ ಬಿಟ್ಟು ಓಡಿಬಂದರು.

“ಸ್ವಾಮಿ, ಇಲ್ಲಿ ಹಕ್ಕಿ ಇಲ್ಲ.”

ಹಕ್ಕಿ ಸಾರ್ ಗಲಿಬಿಲಿಗೊಂಡರು. “ಇಲ್ಲ ಅಂದ್ರೆ? ಎದುರಿಗೇ ಇದ್ದಾವಲ್ರೀ!”

“ಎಂತದೂ ಇಲ್ಲ. ಇವತ್ತಿಲ್ಲ, ನಮ್ಮ ಅಪ್ಪನ ಕಾಲದಲ್ಲೂ ಇರಲಿಲ್ಲ.”

ಒಬ್ಬ ಹುಡುಗ ಬೆರಳು ತೋರಿಸಿ, “ಅಲ್ನೋಡಿ, ಎಮ್ಮೆ ಮೇಲೆ ಬೆಳ್ಳಕ್ಕಿ!” ಎಂದ.

“ಅದು ಬೆಳ್ಳಕ್ಕಿ ಅಲ್ಲ ಮಗಾ. ಪ್ಲಾಸ್ಟಿಕ್ಕು. ಪೇಟೆಯಿಂದ ಹಾರಿ ಬರ್ತದೆ.”

ಅಷ್ಟು ಹೇಳುವಾಗಲೇ ಆ ಪ್ಲಾಸ್ಟಿಕ್ಕು ಕತ್ತು ಉದ್ದ ಮಾಡಿ, ಎಮ್ಮೆಯ ಕಿವಿಯ ಹತ್ತಿರದ ಒಂದು ಹುಳ ಹೆಕ್ಕಿ ನುಂಗಿ, ರೆಕ್ಕೆ ಬಿಚ್ಚಿ ಇನ್ನೊಂದು ಎಮ್ಮೆಯ ಮೇಲೆ ಹೋಗಿ ಕೂತಿತು. ಮಕ್ಕಳೆಲ್ಲ ಯಜಮಾನರ ಮುಖ ನೋಡಿದರು.

“ಗಾಳಿ,” ಎಂದರು ಅವರು. “ಇಲ್ಲಿ ಗಾಳಿ ಸ್ವಲ್ಪ ಜಾಸ್ತಿ.”

ನಾನು ನಗು ತಡೆದುಕೊಂಡೆ. ಯಜಮಾನರು ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, “ಅಮ್ಮಾ, ನಮ್ಮ ಅಜ್ಜನ ಮನೆ ಈ ಹಿನ್ನೀರಿನ ಅಡಿಗೆ ಹೋಗಿದೆ. ಇನ್ನೊಂದ್ಸಲ ಏಳು ಅಂದ್ರೆ ನಂಗೆ ಏಳ್ಲಿಕ್ಕೆ ಆಗೋದಿಲ್ಲ” ಎಂದರು. ಚೀಲದಿಂದ ಪಾಠಪುಸ್ತಕ ತೆಗೆದು, ಆ ಮಸುಕು ಚಿತ್ರ ತೋರಿಸಿ, ನಾವು ಸರ್ಕಾರವಲ್ಲ, ಬರೀ ಶಾಲೆ, ಇವರು ಬ್ಯಾಂಕಿನಲ್ಲಿದ್ದವರು ಎಂದು ಬಿಡಿಸಿ ಹೇಳಿದೆ. ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದರು. ಮುಖ ಅರಳಿತು.

“ಮಕ್ಕಳ ಪಾಠಕ್ಕಾ? ಮೊದಲೇ ಹೇಳಬಾರದಾ ಮಾರಾಯ್ರೇ!” ಎಂದವರು ತಲೆಯ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಮಕ್ಕಳನ್ನು ಕರೆದರು. “ಬನ್ನಿ ಬನ್ನಿ, ಆ ಅತ್ತಿಮರದ ಆಚೆ ಇನ್ನೂ ರಾಶಿ ಪ್ಲಾಸ್ಟಿಕ್ಕು ಇದೆ. ಮರಿ ಪ್ಲಾಸ್ಟಿಕ್ಕೂ ಇದೆ, ತೋರಿಸ್ತೀನಿ!”

ಹೆಡ್‌ಮಾಸ್ಟರ ವಿಷಲ್

ನಮ್ಮ ಹೆಡ್‌ಮಾಸ್ಟರಿಗೆ ಕೊರಳಲ್ಲಿ ವಿಷಲ್ ಇಲ್ಲದಿದ್ದರೆ ಅಂಗಿ ಹಾಕಿಕೊಂಡಂತೆಯೇ ಅನ್ನಿಸುತ್ತಿರಲಿಲ್ಲ. ಒಂದು ಉದ್ದ, ಎರಡು ಗಿಡ್ಡ ಊದಿದರೆ ಮಕ್ಕಳು ಎಲ್ಲಿದ್ದರೂ ಬಂದು ಸಾಲಾಗಿ ನಿಲ್ಲಬೇಕು. ಆ ದಿನ ಬೆಳಗ್ಗೆಯಿಂದ ಕಾಡಂಚಿನಲ್ಲಿ ಅದನ್ನು ಊದಿದ್ದೇ ಊದಿದ್ದು.

ಮಧ್ಯಾಹ್ನ ಮರದ ನೆರಳಲ್ಲಿ ಮಕ್ಕಳನ್ನು ಕೂರಿಸಿ ಚಿತ್ರಾನ್ನದ ಡಬ್ಬಿ ತೆಗೆಸಿದೆ. ಮೊದಲ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ವಿಷಲ್. ಒಂದು ಉದ್ದ, ಎರಡು ಗಿಡ್ಡ. ಮಕ್ಕಳು ಡಬ್ಬಿ ಮುಚ್ಚಿ, ಎದ್ದು ಸಾಲಾಗಿ ನಿಂತವು. ಹೆಡ್‌ಮಾಸ್ಟರು ಬಾಯಿ ತುಂಬ ಮೊಸರನ್ನ ಇಟ್ಟುಕೊಂಡು, “ಯಾರು ಲೈನ್ ಮಾಡಿಸಿದ್ದು?” ಎಂದರು.

“ನೀವೇ ಊದಿದ್ರಲ್ಲ ಸಾರ್!”

ಮಕ್ಕಳು ಕೂತವು. ಡಬ್ಬಿ ತೆಗೆದವು. ಮತ್ತೆ ವಿಷಲ್. ಮತ್ತೆ ಸಾಲು. ಹೆಡ್‌ಮಾಸ್ಟರು ನನ್ನನ್ನು ದುರುಗುಟ್ಟಿ ನೋಡಿ, “ಟೀಚರ್, ನಿಮ್ಮ ಹತ್ರ ಇನ್ನೊಂದು ವಿಷಲ್ ಇದೆಯಾ?” ಎಂದು ಕೇಳಿದರು.

ಆಗ ಹಕ್ಕಿ ಸಾರ್ ಕುಣಿದಾಡುತ್ತಾ ಮೇಲಕ್ಕೆ ತೋರಿಸಿದರು. ಕೊಂಬೆಯ ಮೇಲೆ ಕಪ್ಪಗೆ ಮಿರುಗುವ ಹಕ್ಕಿ, ಬಾಲದಿಂದ ಎರಡು ಉದ್ದನೆಯ ಎಳೆ, ತುದಿಯಲ್ಲಿ ಗೊಂಡೆ. “ಭೀಮರಾಜ! ಯಾರ ಸ್ವರ ಬೇಕಾದ್ರೂ ಅನುಕರಣೆ ಮಾಡ್ತದೆ!”

“ಮಾಡಲಿ ಮಾರಾಯ್ರೆ, ಆದರೆ ಹೆಡ್‌ಮಾಸ್ಟರದ್ದೇ ಯಾಕೆ?” ಎಂದರು ನಮ್ಮ ಹೆಡ್‌ಮಾಸ್ಟರು. ಆಮೇಲೆ ಮಕ್ಕಳಿಗೆ ಖಡಾಖಂಡಿತವಾಗಿ ಹೇಳಿದರು, “ಇನ್ನು ವಿಷಲ್ ಕೇಳಿದರೆ ಯಾರೂ ಏಳಬೇಡಿ. ಅದು ನಾನಲ್ಲ, ಹಕ್ಕಿ. ತಿಳಿಯಿತಾ?”

“ತಿಳಿಯಿತು ಸಾರ್!”

ಸಂಜೆ ಕೊಪ್ಪದ ಬಸ್ಸಿನ ಹೊತ್ತಾಯಿತು. ಅದು ತಪ್ಪಿದರೆ ಮತ್ತೆ ಬಸ್ಸಿಲ್ಲ. ಮಕ್ಕಳನ್ನು ಹಕ್ಕಿ ಸಾರ್ ಜೊತೆ ಮರದಡಿ ಬಿಟ್ಟು, ಬಸ್ಸು ನಿಲ್ಲಿಸಲು ನಾನೂ ಹೆಡ್‌ಮಾಸ್ಟರೂ ಬಿದಿರು ಮೆಳೆಯ ಆಚೆಯ ರಸ್ತೆಗೆ ಹತ್ತಿದೆವು. ಬಸ್ಸು ಬಂತು. ನಾನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತೆ. ಹೆಡ್‌ಮಾಸ್ಟರು ವಿಷಲ್ ಊದಿದರು. ಯಾರೂ ಬರಲಿಲ್ಲ. ಇನ್ನೂ ಜೋರಾಗಿ ಊದಿದರು. ಮುಖ ಕೆಂಪಾಯಿತು. ಡ್ರೈವರ್ ಹಾರ್ನ್ ಹೊಡೆಯತೊಡಗಿದ. ನಾನು ಅವನಿಗೆ ಕೈಮುಗಿದು ಇಳಿದು ಕೆಳಗೆ ಓಡಿದೆ.

ಮಕ್ಕಳು ಕೆನ್ನೆಗೆ ಕೈಕೊಟ್ಟು ಕೂತಿದ್ದವು. ಹಕ್ಕಿ ಸಾರ್ ಕೊಂಬೆಗಳ ಕಡೆ ದುರ್ಬೀನು ಹಿಡಿದು ಪುಳಕಗೊಂಡು ಹೇಳುತ್ತಿದ್ದರು, “ಕೇಳಿ, ಕೇಳಿ! ಮಧ್ಯಾಹ್ನಕ್ಕಿಂತ ಎಷ್ಟು ಸುಧಾರಿಸಿದೆ ನೋಡಿ!”

ನಾನು ಬಾಯಿ ತೆರೆಯುವ ಮೊದಲೇ ಹೆಡ್‌ಮಾಸ್ಟರು ತಾಳ್ಮೆ ಕಳೆದುಕೊಂಡು ಮೆಳೆಯ ಹಿಂದಿನಿಂದ ಅರಚಿದರು, “ಏಯ್, ನಾನ್ರೋ! ಹೆಡ್‌ಮಾಸ್ಟರ್! ಬಸ್ಸು ಹೋಗ್ತದೆ, ಬನ್ರೋ!”

ಮರದಡಿಯಲ್ಲಿ ಒಂದು ಮಗು ಕಣ್ಣರಳಿಸಿಕೊಂಡು ಪಿಸುಗುಟ್ಟಿತು:

“ಹಕ್ಕಿ ಸಾರ್, ಅದು ಬೈಯೋದನ್ನೂ ಕಲ್ತುಬಿಡ್ತು!”