ಹ್ಯಾಂಡ್‌ಬ್ರೇಕ್ ಇಳಿಸಿ ಹೇಳಿದ ವಿಮೆ ಪಾಠ

ಆ ಭಾನುವಾರ ಬೆಳಗ್ಗೆ ಕನ್ನಡಿಯ ಮುಂದೆ ಮೀಸೆ ತೀಡಿಕೊಳ್ಳುತ್ತಲೇ ವಿಮೆ ಮೇಷ್ಟ್ರು ಘೋಷಿಸಿದರು: "ಇವತ್ತು ಸಂಜೆಯೊಳಗೆ ಈ ಕಟ್ಟಡದಲ್ಲಿ ವಾಹನ ವಿಮೆ ಗೊತ್ತಿಲ್ಲದ ಒಂದು ನರಪಿಳ್ಳೆಯೂ ಇರಬಾರದು!"

ಅವರೇನೂ ಮೇಷ್ಟ್ರಲ್ಲ. ವಿಮಾ ಕಂಪನಿಯ ಸಹಾಯವಾಣಿಯಲ್ಲಿ ಹದಿನೆಂಟು ವರ್ಷಗಳಿಂದ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಮುಖ ನೋಡದ ಜನರ ಪ್ರಶ್ನೆಗಳಿಗೆ ಉತ್ತರ ಹೇಳುತ್ತಾ ಬಂದವರು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಪಾಲಿಸಿಯ ಷರತ್ತುಗಳನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಹೀಗಾಗಿ ಮೆಟ್ಟಿಲಲ್ಲಿ, ಲಿಫ್ಟಿನಲ್ಲಿ ಎದುರಾದವರೆಲ್ಲ ಅವರನ್ನು ಹಿಡಿದು ನಿಲ್ಲಿಸಿ ಅನುಮಾನ ಕೇಳುತ್ತಿದ್ದರು. ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿಸಿಕೊಳ್ಳುವ ಬದಲು ಎಲ್ಲರಿಗೂ ಒಟ್ಟಿಗೇ ಜ್ಞಾನದಾನ ಮಾಡಿಬಿಡೋಣ ಎಂಬುದು ಅವರ ಮಹಾಸಂಕಲ್ಪ.

"ರೀ, ಮಧ್ಯಾಹ್ನ ಎರಡಕ್ಕೆ ನನಗೆ ಡ್ಯೂಟಿ ಇದೆ. ಅಷ್ಟರೊಳಗೆ ನಿಮ್ಮ ದಾನ ಮುಗಿಯುತ್ತಾ?" ಎಂದಳು ಹೆಂಡತಿ. ಆಕೆ ದೊಡ್ಡಾಸ್ಪತ್ರೆಯ ನರ್ಸ್. ಆರು ವರ್ಷಗಳಿಂದ ಮಳೆಯಿರಲಿ, ಬಿಸಿಲಿರಲಿ, ಮೋಟಾರ್‌ಬೈಕಿನಲ್ಲೇ ಹೋಗಿಬರುತ್ತಿದ್ದಳು. ಮೇಷ್ಟ್ರ ಕಾರು ಮಾತ್ರ ಅವರನ್ನು ಕಚೇರಿಗೆ ಬಿಟ್ಟು ದಿನವಿಡೀ ಅಲ್ಲೇ ಹೊದಿಕೆ ಹೊದ್ದು ಮಲಗಿರುತ್ತಿತ್ತು.

"ಹನ್ನೊಂದಕ್ಕೆಲ್ಲ ಮುಗಿಸ್ತೀನಿ. ನೀನೂ ಬಾ. ಗಂಡ ಅಂದ್ರೆ ಏನು ಅಂತ ಜನರ ಬಾಯಲ್ಲಿ ಕೇಳು!"

ಕಟ್ಟಡದ ಮುಂದಿನ ಇಳಿಜಾರು ಅಂಗಳವೇ ಪಾಠಶಾಲೆಯಾಯಿತು. ಮೇಲ್ತುದಿಯಲ್ಲಿ ಆಗಷ್ಟೇ ತೊಳೆದು ಒರೆಸಿದ ಕಾರು; ಅದರ ಹಿಂದೆ, ಇಳಿಜಾರಿನಲ್ಲಿ, ಹೆಂಡತಿಯ ಬೈಕು; ಬೈಕಿನ ಮಗ್ಗುಲಲ್ಲಿ ಕೆಳಮನೆಯ ಹಲ್ಲು ಡಾಕ್ಟರ ಹೊಸ ಸ್ಕೂಟರು; ಗೋಡೆಯ ಬದಿಗೆ ನೀರಿನ ನಲ್ಲಿ. ಮಡಚು ಕುರ್ಚಿಗಳಲ್ಲಿ ಇಪ್ಪತ್ತು ಮಂದಿ. ಮುಂದಿನ ಸಾಲಿನ ಕುರ್ಚಿ ಮೂರನೇ ಮಹಡಿಯ ಅಜ್ಜಿಯದು. ಆಕೆಗೆ ಕಾರೂ ಇರಲಿಲ್ಲ, ಬೈಕೂ ಇರಲಿಲ್ಲ, ಪುರುಸೊತ್ತು ಬೇಕಾದಷ್ಟಿತ್ತು!

ಪ್ರಶ್ನೆಗಳು ಬಂದವು, ಉತ್ತರಗಳು ಹಾರಿದವು. ಕಾರಿನೊಳಗೆ ಇಲಿ ಸೇರಿ ವೈರು ಕಡಿದರೆ? ಎರವಲು ಕೊಟ್ಟ ಬೈಕನ್ನು ಗೆಳೆಯ ಬೀಳಿಸಿದರೆ? ಲೈಸೆನ್ಸ್ ಅವಧಿ ಮುಗಿದಿದ್ದರೆ? ಮೇಷ್ಟ್ರು ಕೈ ಬೀಸಿ ಬೀಸಿ ಹೇಳಿದರು.

ಹಲ್ಲು ಡಾಕ್ಟರು ಎದ್ದು ನಿಂತರು. "ಒಬ್ಬ ಬೇಕಂತಲೇ ಗುದ್ದಿದರೆ ದುಡ್ಡು ಸಿಗುತ್ತಾ?"

"ಅವನಿಗೆ ಬಿಡಿಗಾಸೂ ಇಲ್ಲ!" ಗುಡುಗಿದರು ಮೇಷ್ಟ್ರು. "ಅಪಘಾತ ಅಂದ್ರೆ ಅಕಸ್ಮಾತ್ತಾಗಿ ಆಗಬೇಕು. ನೋಡಿ, ಉದಾಹರಣೆಗೆ ಹ್ಯಾಂಡ್‌ಬ್ರೇಕ್ ಹಾಕೋದು ಮರೆತರೆ..." ಎನ್ನುತ್ತಾ ಕಾರಿನ ಬಾಗಿಲು ತೆರೆದು ಒಳಗೆ ಬಗ್ಗಿದರು. "ಇದನ್ನ ಹೀಗೆ ಇಳಿಸ್ತೀನಿ. ಹೆದರಬೇಡಿ, ಗಾಡಿ ಗೇರಿನಲ್ಲಿದೆ!"

ಗಾಡಿ ಗೇರಿನಲ್ಲಿರಲಿಲ್ಲ.

ಕಾರು ಮೊದಲು ಆಕಳಿಸಿದಂತೆ ಸಣ್ಣಗೆ ಅಲುಗಿತು. ಆಮೇಲೆ ಮೇಷ್ಟ್ರ ಕೈಯಿಂದ ಮೆತ್ತಗೆ ಜಾರಿಕೊಂಡು ಹಿಂದಕ್ಕೆ ಹೊರಟಿತು. "ಏಯ್, ನಿಲ್ಲು! ನಿಲ್ಲೋ!" ಎಂದು ಅವರು ಬಾಗಿಲು ಹಿಡಿದು ಓಡಿದರು. ಹದಿನೆಂಟು ವರ್ಷ ಫೋನಿನಲ್ಲಿ ಜನರನ್ನು ಸಮಾಧಾನ ಮಾಡಿದ ಆ ದನಿಗೆ ಕಾರು ಕವಡೆ ಕಿಮ್ಮತ್ತೂ ಕೊಡಲಿಲ್ಲ. ಹೋಗಿ ಬೈಕಿಗೆ ಗುದ್ದಿತು. ಬೈಕು ಸ್ಕೂಟರಿನ ಮೇಲೆ ಬಿತ್ತು. ಸ್ಕೂಟರು ನಲ್ಲಿಯ ಮೇಲೆ ಬಿತ್ತು. ನಲ್ಲಿ ಕಿತ್ತುಹೋಗಿ, ನೀರು ಆಳೆತ್ತರ ಚಿಮ್ಮಿ, ಇಪ್ಪತ್ತೂ ಮಂದಿಗೆ ಏಕಕಾಲಕ್ಕೆ ಅಭ್ಯಂಜನವಾಯಿತು!

ಅಜ್ಜಿ ಚಪ್ಪಾಳೆ ತಟ್ಟಿದಳು. ಇದೂ ಪಾಠದ ಭಾಗವೇ ಎಂದುಕೊಂಡು ಉಳಿದವರೂ ತಟ್ಟಿದರು.

"ಮೇಷ್ಟ್ರೇ," ಕನ್ನಡಕದ ನೀರು ಒರೆಸಿಕೊಳ್ಳುತ್ತಾ ಡಾಕ್ಟರು ಕೇಳಿದರು, "ಇದು ಪ್ರಕೃತಿ ವಿಕೋಪದ ಲೆಕ್ಕಕ್ಕೆ ಬರುತ್ತಾ?"

"ಇಲ್ಲ ಡಾಕ್ಟ್ರೇ," ಎಂದಳು ಹೆಂಡತಿ, "ಇದು ಪತಿ ವಿಕೋಪ!"

ನಗು ಎದ್ದಿತು. ಡಾಕ್ಟರು ಮಾತ್ರ ಪಟ್ಟು ಬಿಡಲಿಲ್ಲ. "ನನ್ನ ಸ್ಕೂಟರಿಗೆ ನಿಮ್ಮ ಕಾರಿನ ವಿಮೆಯಿಂದ ಬರಬೇಕಲ್ಲ? ಆದ್ರೆ ಹ್ಯಾಂಡ್‌ಬ್ರೇಕ್ ನೀವೇ ಇಳಿಸಿದ್ರಿ. ಇಪ್ಪತ್ತು ಜನ ನೋಡಿದ್ದೀವಿ. ಇದು ಬೇಕಂತಲೇನಾ, ಅಕಸ್ಮಾತ್ತಾ?"

"ಅಕಸ್ಮಾತ್ತು! ಗೇರಿನಲ್ಲಿದೆ ಅಂದುಕೊಂಡಿದ್ದೆ..."

"ಹಾಗಾದ್ರೆ ಕಳ್ಳ ಅಲ್ಲ, ದಡ್ಡ ಅಂತ ಬರೆದುಕೊಡ್ತೀರಾ?"

ಮೇಷ್ಟ್ರು ಸುತ್ತ ನೋಡಿದರು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆಳಗ್ಗೆ ತೀಡಿದ ಮೀಸೆ ಜೋತುಬಿದ್ದಿತ್ತು. "ಬರೆದುಕೊಡ್ತೀನಿ," ಎಂದರು, "ದಡ್ಡ."

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹೆಂಡತಿ ಬೈಕಿನ ಸೊಟ್ಟ ಹ್ಯಾಂಡಲ್ ಹಿಡಿದು ನಿಂತಿದ್ದಳು. "ರೀ, ಡಾಕ್ಟ್ರ ಗಾಡಿಗೆ ಬರುತ್ತೆ, ನಿಮ್ಮ ಕಾರಿಗೂ ಬರುತ್ತೆ. ನನ್ನ ಬೈಕಿಗೆ?"

ಮೇಷ್ಟ್ರು ಬೈಕಿನತ್ತ ನೋಡಿದರು. "ಬೈಕು... ನನ್ನ ಹೆಸರಲ್ಲಿದೆ ಕಣೇ. ನನ್ನ ಕಾರು ನನ್ನದೇ ಬೈಕಿಗೆ ಗುದ್ದಿದ್ರೆ ಕಾರಿನ ವಿಮೆ ಕೊಡಲ್ಲ. ಎದುರಿನವರು ಬೇರೆ ಯಾರಾದ್ರೂ ಆಗಿರಬೇಕು. ಮೂರನೇ ವ್ಯಕ್ತಿ."

"ಅಂದ್ರೆ, ನಾನು ನಿಮಗೆ ಮೂರನೆಯವಳಾಗಿದ್ರೆ ದುಡ್ಡು ಸಿಗ್ತಿತ್ತು. ಹೆಂಡ್ತಿಯ ಗಾಡಿನೂ ನಿಮ್ಮ ಹೆಸರಿಗೇ ಮಾಡಿಸಿಕೊಂಡಿದ್ದಕ್ಕೆ ಇಲ್ಲ! ಹೋಗಲಿ, ಬೈಕಿಗೆ ಅದರದ್ದೇ ವಿಮೆ ಇದೆಯಲ್ಲ?"

"ಅದು... ಬೇರೆಯವರಿಗೆ ಗುದ್ದಿದ್ರೆ ಕೊಡೋ ವಿಮೆ ಅಷ್ಟೇ. ಹಳೇ ಗಾಡಿ ಅಂತ ಪೂರ್ತಿ ಮಾಡಿಸಿರಲಿಲ್ಲ."

"ಗಾಡಿ ಬಿಡಿ. ನಾನೇ ಬಿದ್ದು ಕಾಲು ಮುರಿದುಕೊಂಡಿದ್ರೆ?"

ಇದಕ್ಕೂ ಉತ್ತರ ಗೊತ್ತಿತ್ತು. ಬೈಕಿನ ಪಾಲಿಸಿಯಲ್ಲಿದ್ದ ಅಪಘಾತ ವಿಮೆ ಮಾಲೀಕರಿಗೆ ಮಾತ್ರ. ಮಾಲೀಕರು ಎಂದರೆ, ಒಂದು ದಿನವೂ ಆ ಬೈಕು ಹತ್ತದ ತಾವೇ! ಸಾವಿರಾರು ಜನಕ್ಕೆ ಸಲೀಸಾಗಿ ಹೇಳಿದ ಮಾತನ್ನು ಈಗ ಹೆಂಡತಿಗೂ ಹೇಳಬೇಕಿತ್ತು. ಆರು ವರ್ಷ ಇವಳು ಇದರ ಮೇಲೆ ಹೋಗಿಬಂದಳಲ್ಲ ಎಂದು ನೆನೆದು, ಆ ಸೊಟ್ಟ ಹ್ಯಾಂಡಲ್ಲಿಗೆ ತಾವೂ ಕೈಹಾಕಿದರು.

"ಏನೂ ಸಿಗ್ತಿರಲಿಲ್ಲ," ಎಂದರು ಮೆಲ್ಲಗೆ. "ತಪ್ಪಾಯ್ತು ಕಣೇ."

ಹೆಂಡತಿ ಗಂಡನ ಜೋತ ಮೀಸೆಯನ್ನೇ ನೋಡಿದಳು. ತಡೆದುಕೊಳ್ಳಲಾಗದೆ ಫಕ್ಕನೆ ನಕ್ಕಳು.

"ವಿಮೆ ಇಲ್ಲದ ಕಡೆ ಕ್ಷಮೆ ಕೊಡಲೇಬೇಕಲ್ಲ! ಆದ್ರೆ ಅದಕ್ಕೂ ಷರತ್ತುಗಳಿವೆ. ಕಾರಿನ ಕೀಲಿ ಕೊಡಿ."

ಕಾರಿನ ಹಿಂಬದಿಗೆ ಬರೀ ಒಂದು ಗೀರು ಬಿದ್ದಿತ್ತು. ಮಧ್ಯಾಹ್ನ ಎರಡಕ್ಕೆ ಐದು ನಿಮಿಷವಿರುವಾಗಲೇ ಆಕೆ ಅದರಲ್ಲಿ ಆಸ್ಪತ್ರೆ ತಲುಪಿದ್ದಳು. ಮರುದಿನದಿಂದ ಮೇಷ್ಟ್ರಿಗೆ ಬಸ್ಸು. ತಮ್ಮದೇ ಕಚೇರಿಯ ಫಾರಂನಲ್ಲಿ "ಅಪಘಾತಕ್ಕೆ ಕಾರಣ" ಎಂಬಲ್ಲಿ ಅವರು "ಉಪನ್ಯಾಸ" ಎಂದು ಬರೆದರಂತೆ. ಸಹೋದ್ಯೋಗಿಗಳು ಅದರ ಪ್ರತಿ ತೆಗೆದು ಗೋಡೆಗೆ ಅಂಟಿಸಿಕೊಂಡರಂತೆ. ತಿಂಗಳೊಳಗೆ ಬೈಕು ರಿಪೇರಿಯಾಗಿ, ಹೆಂಡತಿಯ ಹೆಸರಿಗೆ ವರ್ಗವಾಗಿ, ಪೂರ್ತಿ ವಿಮೆ ಹೊದ್ದು ಬಂತು. ಆದರೂ ಆಕೆ ಕಾರಿನ ಕೀಲಿ ಹಿಂದಿರುಗಿಸಲಿಲ್ಲ, ಅವರೂ ಕೇಳಲಿಲ್ಲ.

ಒಂದು ಸಂಜೆ ಬಸ್ಸಿಳಿದು ಬರುತ್ತಿದ್ದಾಗ ಮೂರನೇ ಮಹಡಿಯ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕಳು.

"ಮಗಾ, ಅವತ್ತು ಎಷ್ಟು ಚೆನ್ನಾಗಿ ಹೇಳಿಕೊಟ್ಟೆ! ನನ್ನಂಥವಳಿಗೂ ಅರ್ಥವಾಯ್ತು. ಮನೆಗೂ ವಿಮೆ ಇರುತ್ತಂತಲ್ಲ, ಅದರ ಪಾಠ ಯಾವಾಗ?"

ಮೇಷ್ಟ್ರ ಎದೆ ಎಷ್ಟೋ ದಿನಗಳ ಮೇಲೆ ಒಂದಿಂಚು ಉಬ್ಬಿತು. "ನೀವು ಯಾವಾಗ ಅಂದ್ರೆ ಆವಾಗ, ಅಜ್ಜಿ! ಬೆಂಕಿ, ಕಳ್ಳತನ, ಭೂಕಂಪ, ಎಲ್ಲಾ ವಿವರವಾಗಿ..."

"ಅದಕ್ಕೇ ಕೇಳಿದೆ ಕಣಪ್ಪ," ಎಂದಳು ಅಜ್ಜಿ, "ಎರಡು ದಿನ ಮುಂಚೆ ಹೇಳು. ಸಾಮಾನೆಲ್ಲ ಕಟ್ಟಿಕೊಂಡು ಮಗಳ ಮನೆಗೆ ಹೋಗಿಬಿಡ್ತೀನಿ!"