ಹೊಗೆ ನೋಡಲು ಬಂದವರ ರೈಲು

ನಾನು ಮೊದಲ ಸಲ ಮನೆ ಬಿಟ್ಟು ಹೋದದ್ದು ಒಂದು ಮಂಗಳವಾರ. ಬುಧವಾರ ಏಳನೇ ಕ್ಲಾಸಿನ ಲೆಕ್ಕದ ಪರೀಕ್ಷೆ ಇತ್ತು. ಬಡವನಹಳ್ಳಿಯಲ್ಲಿ ಹುಣಸೆಹಣ್ಣಿನ ಲಾರಿ ಹತ್ತಿ ತುಮಕೂರಿಗೆ ಹೋಗಿ ರೈಲು ನೋಡಿದೆ. ನಮ್ಮ ಮಧುಗಿರಿ ಸೀಮೆಯಲ್ಲಿ ಹಳಿಯೇ ಇರಲಿಲ್ಲ. ಆಮೇಲೆ ಹಿಡಿದ ಕೆಲಸವನ್ನೆಲ್ಲ ಬಿಟ್ಟಿದ್ದೇನೆ. ಉಳಿದದ್ದು ಇದೊಂದೇ: ಹಳೇ ಉಗಿ ಎಂಜಿನ್ ಹುಚ್ಚಿನವರನ್ನು ಬೆಟ್ಟದ ಲೈನಿನಲ್ಲಿ ಸುತ್ತಾಡಿಸುವ ವಿಶೇಷ ರೈಲಿನಲ್ಲಿ ಟೀ ಕೊಡುವುದು. ಏನೂ ಎಡವಟ್ಟಾಗದೆ ಆ ರೈಲು ವಾಪಸ್ ಬಂದ ದಿನವೇ ಇಲ್ಲ.

ಇಂಥದ್ದೊಂದು ಕೆಲಸ ಇದೆ ಅಂತ ಅವ್ವ ಮಾತ್ರ ನಂಬಲಿಲ್ಲ. "ಎಲ್ಲಿಗ್ಲಾ ಹೋಯ್ತದೆ ಆ ರೈಲು?"

"ಎಲ್ಲಿಗೂ ಇಲ್ಲ ಕಣವ್ವ. ಹೋಗಿ ಹೊರಟ ಜಾಗಕ್ಕೇ ಬತ್ತದೆ."

"ಅದುಕ್ ಜನ ದುಡ್ ಕೊಡ್ತಾರಾ? ಸುಳ್ಳು ಹೇಳೋದಾದ್ರೂ ನೆಟ್ಟಗ್ ಕಲೀಲಾ. ಕೆಲ್ಸ ನಿಜ ಅಂತ ತೋರ್ಸು, ಇಲ್ದಿದ್ರೆ ಕೊರಟಗೆರೆ ಮಾವನ ಹಿಟ್ಟಿನ ಗಿರಣೀಲಿ ಕೂತ್ಕೋ."

ಒಂದು ಕಡೆ ಒಂದು ಗಂಟೆ ಕೂರಲಾರದವನು ನಾನು. ಸಾಕ್ಷಿ ಹುಡುಕಲು ಶುರುಮಾಡಿದೆ.

ಮೊದಲ ಸಾಕ್ಷಿ

ನಮ್ಮ ಎಂಜಿನ್ನಿಗೆ ಕಲ್ಲಿದ್ದಲು ಎಸೆಯುವ ಮುದುಕ ಪಾವಗಡದ ಕಡೆಯವನು. ಹೊಗೆ ಕಾಣದಂತೆ ಬೆಂಕಿ ಉರಿಸುವುದೇ ಅವನ ಹೆಮ್ಮೆ. ನಮ್ಮ ಗಿರಾಕಿಗಳಿಗೆ ಬೇಕಾದದ್ದು ಫೋಟೋದಲ್ಲಿ ಕಾಣುವ ಕಪ್ಪು ಹೊಗೆ. ಅವನಿಗೆ ಫೋನು ಕೊಟ್ಟು, "ಅವ್ವನಿಗೆ ನಮ್ಮ ಕೆಲಸ ಏನೂಂತ ಹೇಳಣ್ಣ" ಅಂದೆ.

"ಏಮ್ ಚೆಪ್ಪಾಲಮ್ಮಾ, ಏನಂತ ಹೇಳ್ಲಿ! ಆವಾಗ ಹೊಗೆ ಬಂದ್ರೆ ಮೇಲಿನೋರು ನೋಟೀಸ್ ಕೊಡ್ತಿದ್ರು. ಈಗ ಹೊಗೆ ಬರ್ಲಿಲ್ಲ ಅಂತ ಪ್ಯಾಸೆಂಜರ್ ಬಯ್ತಾರೆ!"

ಅವ್ವ ಫೋನನ್ನು ನನಗೆ ಕೊಡಿಸಿದಳು. "ಪಾಪ, ಆ ಯಪ್ಪುನ್ನ ಮನೆಯೋರು ಔಸ್ದಿ ಕೊಡಿಸ್ದೆ ಹಂಗೇ ಬುಟ್ಟವ್ರಾ?"

ಎರಡನೇ ಸಾಕ್ಷಿ

ಶಿರಾದಲ್ಲಿ ಅತ್ತರ್ ಅಂಗಡಿ ಇಟ್ಟಿರುವ ಸಾಹೇಬರೆಂದರೆ ಅವ್ವನಿಗೆ ಮರ್ಯಾದೆ. ಅವರನ್ನು ರೈಲಿಗೆ ಕರೆದುಕೊಂಡು ಹೋದೆ. ರೈಲು ಸುರಂಗಕ್ಕೆ ನುಗ್ಗಿತು. ನಾವಿಬ್ಬರು ಕಿಟಕಿ ಮುಚ್ಚಿದೆವು; ಉಳಿದವರೆಲ್ಲ ಕಿಟಕಿ ತೆರೆದು, ತಲೆ ಹೊರಗಿಟ್ಟು, ಕಣ್ಣು ಮುಚ್ಚಿ ಹೊಗೆ ಎಳೆದುಕೊಂಡರು.

ಸಾಹೇಬರು ಬಂದು ಅವ್ವನ ಮುಂದೆ ಕೂತರು. "ಕೆಲ್ಸ ನಿಜ ಅಮ್ಮಾ. ಮೂವತ್ತು ವರ್ಷ ಅತ್ತರ್ ಮಾರಿದೆ, ಒಬ್ಬನೂ ಹಂಗೆ ಮೂಸ್ಲಿಲ್ಲ. ಮುಂದಿನ ಸಲ ಸೀಸೆ ತಗೊಂಡ್ಹೋಗಿ ಆ ಹೊಗೇನೇ ತುಂಬ್ಕೊಂಡ್ ಬರ್ತೀನಿ."

"ನಿನ್ ಜೊತೆ ಹೋದೋರೆಲ್ಲ ಹಿಂಗೇ ಆಯ್ತಾರೆ ಕಣ್ಲಾ. ನಾನೇ ಬತ್ತೀನಿ," ಅಂದಳು ಅವ್ವ.

ಅವ್ವ

ನಮ್ಮ ರೈಲಿನಲ್ಲೊಂದು ಪದ್ಧತಿ ಇದೆ. ಚೆಂದದ ತಿರುವು ಸಿಕ್ಕರೆ ಎಲ್ಲರನ್ನೂ ಇಳಿಸಿ, ರೈಲು ಖಾಲಿಯಾಗಿ ಅರ್ಧ ಮೈಲಿ ಹಿಂದಕ್ಕೆ ಹೋಗುತ್ತದೆ. ಜನ ಕ್ಯಾಮೆರಾ ಹಿಡಿದು ಸಾಲಾಗಿ ನಿಂತ ಮೇಲೆ, ಹೊಗೆ ಕಾರುತ್ತ ರೈಲು ಅವರೆದುರು ಹಾದುಹೋಗುತ್ತದೆ. ಇದನ್ನು ಅವ್ವನಿಗೆ ಹೇಳಿರಲಿಲ್ಲ.

ಎಲ್ಲರ ಜೊತೆ ಇಳಿದ ಅವ್ವ, ರೈಲು ಹಿಂದೆ ಸರಿದದ್ದು ನೋಡಿದಳು. "ಲೇ! ಚಿತ್ರಾನ್ನದ ಬುತ್ತಿ ಒಳಗೈತೆ ಕಣ್ಲಾ!" ನಾನು ತಿರುಗುವಷ್ಟರಲ್ಲಿ ಸೆರಗು ಸಿಕ್ಕಿಸಿ, ಕ್ಯಾಮೆರಾ ಸಾಲು ದಾಟಿ, ಹಳಿಯ ಪಕ್ಕ ಹೋಗಿ ನಿಂತಿದ್ದಳು. ರೈಲು ಸಿಳ್ಳೆ ಹಾಕುತ್ತ, ಆಕಾಶ ಕಪ್ಪು ಮಾಡುತ್ತ ಬಂತು. ಅವ್ವ ಹುಲಿಕುಂಟೆ ಗೇಟಿನಲ್ಲಿ ಪ್ರೈವೇಟ್ ಬಸ್ಸಿಗೆ ಹಿಡಿಯುವ ಹಾಗೆ ಕೈ ಅಡ್ಡ ಹಿಡಿದಳು.

ಪಾವಗಡದ ಮುದುಕ ಕೂಗಿದ, ಡ್ರೈವರ್ ಬ್ರೇಕು ಹಾಕಿದ, ರೈಲು ಸರಿಯಾಗಿ ಅವ್ವನ ಮುಂದೆ ನಿಂತಿತು. ಅವ್ವ ಹತ್ತಿ, ಬುತ್ತಿ ತಗೊಂಡು ಇಳಿದು, ಡ್ರೈವರಿಗೆ "ಹೂಂ, ನಡಿ" ಅಂದಳು.

ಕೆಲಸ ಹೋಯಿತು, ಗಿರಣಿ ಬಂತು ಅಂದುಕೊಂಡೆ. ಆದರೆ ಕ್ಯಾಮೆರಾದವರು ಕುಣಿಯುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಇಂಥ ಫೋಟೋ ಸಿಕ್ಕಿರಲಿಲ್ಲವಂತೆ. ನಮ್ಮ ಯಜಮಾನರು ಅವ್ವನ ಹತ್ತಿರ ಬಂದು, "ಪ್ರತಿ ಟ್ರಿಪ್ಪಿಗೂ ಬಂದು ಹಿಂಗೇ ಕೈ ತೋರಿಸ್ತೀರಾ ಅಮ್ಮಾ?" ಅಂದರು.

ನಾಳೆ ಟ್ರಿಪ್ಪು. ನಾನು ಚೀಲಕ್ಕೆ ಬಟ್ಟೆ ತುರುಕುತ್ತಿದ್ದೇನೆ. ಪಕ್ಕದಲ್ಲಿ ಅವ್ವ ಕೊರಟಗೆರೆಗೆ ಫೋನು ಹಚ್ಚಿದ್ದಾಳೆ: "ಗಿರಣಿಗೆ ಬ್ಯಾರೆ ಯಾರ್ನಾದ್ರೂ ನೋಡ್ಕೊಳ್ಳಣ್ಣಾ. ನಂಗೆ ಕೆಲ್ಸ ಸಿಕ್ತು. ಇವ್ನು ನನ್ ಚೀಲ ಹೊರೋಕ್ ಬೇಕು."